ಹಾರುವ ತಟ್ಟೆಯ ಅಂಜಿಕೆಗೆ ಹನ್ನೆರಡು ಹೆಸರು

ಸಿಂದಗಿ
೯ ಫೆಬ್ರವರಿ ೨೦೨೫, ರವಿವಾರ

ತರನ್ನುಮನ ಅಬ್ಬಾಗ,

ಫಿರದೋಸಳ ಸಲಾಮು. ಸಾಲ್ಯಾಗ ಹುಡುಗರಿಗೆ ಪತ್ರ ಬರಿಯೂದು ಕಲಸೂವಾಗ ಮೊದಲ ಕ್ಷೇಮ ಬರೀರಿ, ಆಮ್ಯಾಲ ಸುದ್ದಿ ಬರೀರಿ ಅಂತ ಹೇಳ್ತೇನಿ. ಇಪ್ಪತ್ತೊಂದು ವರ್ಷ ಹೇಳೇನಿ. ಇವತ್ತು ಪೆನ್ನು ಹಿಡಕೊಂಡು ಕುಂತ್ರ ಆ ಕ್ಷೇಮದ ಸಾಲೇ ಬರವಲ್ದು. ಕ್ಷೇಮ ಇಲ್ಲ ಅಂತಲ್ಲರಿ. ಜ್ವರ ಇಲ್ಲ, ನೆಗಡಿ ಇಲ್ಲ, ಬಿ.ಪಿ. ಸೈತ ಬರೋಬ್ಬರಿ ಐತಿ. ಆದ್ರ ಒಳಗ ಏನೂ ಅನಸವಲ್ದು. ಕಾಲು ಮಡಚಿ ಭಾಳ ಹೊತ್ತು ಕುಂತ್ರ ಜೋಮು ಹಿಡಿತೈತಲ್ಲ, ಹಂಗ ಮನಸಿಗೆ ಜೋಮು ಹಿಡದೈತಿ. ಮೊನ್ನೆ ರೊಟ್ಟಿ ಹಂಚಿಗೆ ಹಾಕೂವಾಗ ಬೆರಳು ಸುಟ್ಟಿತ್ತು. ಬೊಬ್ಬಿ ಎದ್ದದ್ದು ಗೊತ್ತಾಗಿದ್ದು ಮಧ್ಯಾಹ್ನ, ಎಂಟನೇತ್ತಾ ಕ್ಲಾಸಿನ್ಯಾಗ ಚಾಕ್‌ಪೀಸ್ ಹಿಡಿದಾಗ.

ಫೋನ್ ಮಾಡಿದ್ರ ನೀವು ಎತ್ತೂದಿಲ್ಲ. ಮೆಸೇಜ್ ಕಳಸೂಣಂದ್ರ ಯಾವ ಮಾರಿ ಇಟ್ಟುಕೊಂಡು ಕಳಸ್ಲಿ? ಎಲ್ಲಾ ಹಾಳಾಗಿದ್ದೇ ಆ ಮೊಬೈಲಿನ್ಯಾಗ ಓಡಾಡಿದ ಮೆಸೇಜಿನಿಂದ. ಅದಕ್ಕ ಕಾಗದ ಬರಿಯಾಕತ್ತೇನಿ. ನಮ್ಮ ಗಣಿತದ ಧೀರೇಂದ್ರ ಸರ್ ನಾಳೆ ತಂಗಿ ಮನಿಗೆ ನಿಡಗುಂದಿಗೆ ಹೊಂಟಾರ. ದಾರಿ ಮ್ಯಾಲ ಗೊಳಸಂಗ್ಯಾಗ ಇಳದು ನಿಮ್ಮ ಅಕ್ಕಾರ ಮನಿಗೆ ಮುಟ್ಟಸ್ತೇನಿ ಅಂತ ಹೇಳ್ಯಾರ. ಅವರನ್ನ ಬಾಗಲಾಗ ನಿಂದರಿಸಿ ಕಳಿಸಬ್ಯಾಡ್ರಿ. ಒಂದು ಕಪ್ ಚಹಾ ಕೊಡ್ರಿ. ತಪ್ಪು ಅವರದಲ್ಲ, ನಂದು.

ನಿಮಗ ಇನ್ನೊಂದು ತಿಂಗಳು ಕಣ್ಣಿಗೆ ದಣಿವು ಕೊಡಬಾರದು, ಓದಬಾರದು ಅಂತ ಡಾಕ್ಟರು ಹೇಳ್ಯಾರ. ಅಂದ್ರ ಇದನ್ನ ಅಕ್ಕಾರ ಸೊಸಿ ಓದಿ ಹೇಳ್ತಾಳ. ಸಾಬೀರಾ, ನಿನಗ ನನ್ನ ಅಕ್ಷರ ತಿಳೀಲಿ ಅಂತ ದೊಡ್ಡದಾಗಿ ಬರದೇನಿ. ಸಾಲಿ ಕನ್ನಡದಾಗ ಬರದ್ರ ನಿಮ್ಮ ಮಾವನಿಗೆ ಪಂಚಾಯತಿ ನೋಟೀಸ್ ಕೇಳಿಧಂಗ ಆಗತೈತಿ. ಅದಕ್ಕ ಮನಿ ಮಾತಿನ್ಯಾಗೇ ಬರದೇನಿ. ನಡುವ ಅವರು ಸಾಕು ಬಿಡು ಅಂದ್ರೂ ಬಿಡಬ್ಯಾಡವ್ವಾ, ಪೂರಾ ಓದು.

ಮೊದಲ ಅಂಗಡಿ ಸುದ್ದಿ ಹೇಳ್ತೇನಿ. ಬಾಜೂ ಹಾರ್ಡ್‌ವೇರಿನ ಇಜಾಜ ಭಾಯಿ ದಿನಾ ಮುಂಜಾನೆ ನಿಮ್ಮ ಷಟರ್ ಅರ್ಧಾ ಎತ್ತಿ ಕಸಾ ಹೊಡಸ್ತಾರ. ಎಂಟು ಮೋಟಾರ್ ಬಿಚ್ಚಿದ್ದು ಬಿಚ್ಚಿಧಂಗ ಅದಾವ. ಗಿರಾಕಿಗಳು ಬಂದು ಶಹಾಬುದ್ದೀನ ಮಿಸ್ತ್ರಿ ಯಾವಾಗ ಬರ್ತಾರ ಅಂತ ಕೇಳ್ತಾರಂತ. ಬ್ಯಾರೆ ಕಡೆ ವೈಂಡಿಂಗ್ ಮಾಡಸ್ರಿ ಅಂದ್ರ ಇಲ್ಲ, ಅವರ ಕೈಯಿಂದಲೇ ಬೇಕು ಅಂತಾರಂತ. ಇದನ್ನ ಕೇಳಿ ನನಗ ಅಳು ಬರಬೇಕಾಗಿತ್ತು. ಬರಲಿಲ್ಲ. ಹೂಂ ಅಂದೆ, ಕಾಯಿಪಲ್ಲೆ ತಗೊಂಡು ಮನಿಗೆ ಬಂದೆ.

ಈಗ ಖರೆ ಮಾತಿಗೆ ಬರ್ತೇನಿ. ಇದನ್ನ ನಿಮ್ಮ ಮುಂದ ಒಮ್ಮೆಯಾದ್ರೂ ಮೊದಲಿಂದ ಕೊನಿತನಕ ಹೇಳಬೇಕು ಅನಸೈತಿ. ನಿಮಗ ಗೊತ್ತಿದ್ದದ್ದೇ ಇದ್ರೂ ಕೇಳ್ರಿ. ನಾನು ಹೇಳೂದನ್ನ ಅಕ್ಕಾರೂ ಕೇಳ್ಲಿ.

ಅಕ್ಟೋಬರ್ ಎರಡನೇ ವಾರದಾಗ ನೀವು ದೇವಣಗಾಂವಕ್ಕ ಹೋಗಿದ್ರಿ, ಹೊಳಿ ದಂಡಿ ಮ್ಯಾಲಿನ ಬಾಳಮ್ಮನ ಹೊಲದಾಗ ಮೋಟಾರ್ ಸುಟ್ಟಿತ್ತು ಅಂತ. ಕೆಲಸ ಮುಗದು ಮಗ್ರಿಬ್ ನಮಾಜ್ ಮಾಡಿ ಎದ್ದು ನೋಡಿದ್ರ ಮುಗಿಲಿನ್ಯಾಗ ಬೆಳಕಿನ ಸಾಲು. ಮೂವತ್ತೋ ನಲವತ್ತೋ. ಸಪ್ಪಳಿಲ್ಲ, ಒಂದರ ಹಿಂದ ಒಂದು, ಹೊಳಿ ದಾಟಿ ಹೋದ್ವಂತ. ಬಾಳಮ್ಮ ಕೈ ಮುಗದು ನಿಂತಳಂತ. ನೀವು ಮನಿಗೆ ಬಂದು ಬಾಗಲ ಅಗಳಿ ಹಾಕಿ ಇದನ್ನ ಹೇಳಿದ್ರಿ. ಉಣಲಿಲ್ಲ. ನಾನು ಕಿರುಪರೀಕ್ಷೆ ಪೇಪರ್ ನೋಡಾಕತ್ತಿದ್ದೆ. ಪೇಪರ್ ಮ್ಯಾಲಿಂದ ತಲಿ ಎತ್ತಿ ನಕ್ಕೆ. ಮರುದಿನ ಧೀರೇಂದ್ರ ಸರ್ ತಮ್ಮ ಮೊಬೈಲಿನ್ಯಾಗ ತೋರಿಸಿದ್ರು, ಅವು ಉಪಗ್ರಹ, ಒಂದೇ ಸಲಕ್ಕ ಬಿಟ್ಟಿರ್ತಾರ, ಹಂಗ ಸಾಲು ಹಿಡದು ಹೊಕ್ಕಾವ. ನಾನು ಬಂದು ನಿಮಗ ಹೇಳಿದೆ. ನೀವು ಗೋಣು ಹಾಕಿದ್ರಿ. ಮನಸಿಗೆ ಹಾಕ್ಕೊಳ್ಳಲಿಲ್ಲ ಅಂತ ನಿಮ್ಮ ಮಾರಿ ನೋಡಿದ್ರೇ ಗೊತ್ತಾಗತಿತ್ತು.

ಎಂಟು ದಿನದ ಮ್ಯಾಲ ಮನಿ ಅಂಗಳದಾಗ ನಿಮಗ ಮತ್ತ ಬೆಳಕು ಕಂಡಿತು. ಈ ಸಲ ಸಾಲಲ್ಲ. ಬಲಗಡೆ ಮೂಲ್ಯಾಗ ವೆಲ್ಡಿಂಗ್ ಕಿಡಿ ಹಾರಿಧಂಗ ಒಂದು ಬೆಳಕು. ತಿರುಗಿ ನೋಡಿದ್ರ ಏನೂ ಇಲ್ಲ. ಮರುದಿನ ಸಂಜೀಕೂ ಅದೇ. ದೇವಣಗಾಂವದಾಗ ಕಂಡ ಹಾರೂ ತಟ್ಟಿಗಳು ನನ್ನ ಗುರುತು ಹಿಡದಾವ, ಬೆನ್ನ ಹತ್ತಿ ಸಿಂದಗಿಗೆ ಬಂದಾವ ಅಂತ ಹೇಳಿದ್ರಿ. ಇಷ್ಟು ದೊಡ್ಡ ದುನಿಯಾ ಬಿಟ್ಟು ಒಬ್ಬ ಮೋಟಾರ್ ಮಿಸ್ತ್ರಿ ಬೆನ್ನ ಹತ್ತಾಕ ಅವರ ಊರಾಗ ಬೋರಿನ ಮೋಟಾರ್ ಸುಟ್ಟೈತೇನು ಅಂತ ನಾನು ಕೇಳಿದೆ. ಎಷ್ಟು ಚಂದ ಮಾತಾಡಿದೆ ಅಂತ ನನಗ ನಾನೇ ಶಭಾಶ್ ಅಂದುಕೊಂಡೆ.

ಆಮ್ಯಾಲ ನೀವು ಮಾಳಿಗಿ ಹತ್ತೂದು ಬಿಟ್ರಿ. ಒಣ ಹಾಕಿದ ಮೆಣಸಿನಕಾಯಿ ನಾನೇ ಇಳಸಬೇಕಾತು. ಸಂಜಿ ಆದ್ರ ಕಿಡಕಿ ಹಾಕ್ಕೊಂಡು ಯೂಟ್ಯೂಬಿನ್ಯಾಗ ಹಾರೂ ತಟ್ಟಿ ವಿಡಿಯೋ ನೋಡ್ತಾ ಕೂಡ್ತಿದ್ರಿ. ಅಷ್ಟರಾಗ ಇಲ್ಲದ ನೊಣ ಹೊಡಿಯೂದು ಶುರು ಮಾಡಿದ್ರಿ. ಕಣ್ಣ ಮುಂದ ಕರೇ ಚುಕ್ಕಿ ಈಸಾಡ್ತಾವ, ತಟ್ಟಿಯವರೇ ಏನೋ ಉದರಿಸಿ ಹೋಗ್ಯಾರ ಅಂದ್ರಿ. ಯಾ ಅಲ್ಲಾ, ನಾನು ಹೊಟ್ಟಿ ಹಿಡಕೊಂಡು ನಕ್ಕೆ. ದಪ್ಪ ಗಾಜಿನ ಚಾಳೀಸು ಹಾಕ್ಕೊಂಡ ಮನಿಷ್ಯಾ ಗಾಳ್ಯಾಗ ಕೈ ಬೀಸೂದು ನೋಡಿ ಯಾರಿಗರ ನಗು ಬರತೈತಿ. ಬರಬಾರದಿತ್ತು.

ಪದಗಳ ಮಾತು ಈಗ ಹೇಳ್ತೇನಿ. ಸಾಬೀರಾಗ ಗೊತ್ತಿರಲಿಕ್ಕಿಲ್ಲ, ಅದಕ್ಕ ಬಿಡಿಸಿ ಹೇಳ್ತೇನಿ. ರಾಜ್ಯೋತ್ಸವದ ತಿಂಗಳ ತುಂಬ ನಮ್ಮ ಸಾಲಿ ಸ್ಟಾಫ್‌ರೂಮಿನ ಹಲಗಿ ಮ್ಯಾಲ ದಿನಕ್ಕೊಂದು ಹೊಸ ಕನ್ನಡ ಪದ ಬರಿಯೂ ಪದ್ಧತಿ ಐತಿ. ಯಾರಿಗೂ ಹೊಳೆಯಂಗಿಲ್ಲ, ಪ್ರತಿ ವರ್ಷ ನನ್ನ ಕೊಳ್ಳಿಗೇ ಬೀಳತೈತಿ. ಹ್ವಾದ ವರ್ಷ ನಾನು ಬರದ ಪದ ಯಾರೂ ತಿರುಗಿ ನೋಡಿರಲಿಲ್ಲ. ಈ ಸಲ ಒಂದನೇ ತಾರೀಖಿಗೆ ಗಂಗಾಳಗಡಗಡಿ ಅಂತ ಬರದೆ. ಮುಗಿಲಿನ್ಯಾಗ ಗಂಗಾಳ ಹಾರೂದು ಕಂಡು ಕಾಲು ಗಡಗಡ ನಡಗೂ ರೋಗ ಅಂತ ಅರ್ಥ ಬರದೆ. ಸ್ಟಾಫ್‌ರೂಮಿನ್ಯಾಗ ಒಬ್ಬೊಬ್ಬರು ಬಂದು ಓದಿ ಓದಿ ನಕ್ಕರು. ಹೆಡ್‌ಮಾಸ್ತರರು ಎರಡು ಸಲ ಬಂದು ಓದಿದ್ರು. ಇಪ್ಪತ್ತೊಂದು ವರ್ಷದಾಗ ನಾನು ಬರದದ್ದನ್ನ ಯಾರೂ ಎರಡು ಸಲ ಓದಿರಲಿಲ್ಲರಿ.

ಎರಡನೇದು ಹಾರುಹಂಚಿನ ಹಳವಂಡ. ರೊಟ್ಟಿ ಹಂಚು ಹಾರಿ ಬಂದು ತಲಿ ಮ್ಯಾಲ ಕುಂತಂಗ ನಿದ್ದ್ಯಾಗ ಒದರೂದು. ಮೂರನೇದು ಮುಗಿಲಮುಸುಕ, ಅಂದ್ರ ಮುಗಿಲಿನ ಮಂದಿಗೆ ಅಂಜಿ ಶೆಕಿಯಾಗೂ ಕೌದಿ ಹೊತ್ತು ಮಲಗಾಂವ. ನಾಲ್ಕನೇದು ಬುಟ್ಟಿಬೆದರು. ಆಮ್ಯಾಲ ಪರಾತಪರಾರಿ, ಹಿಟ್ಟು ನಾದೂ ಪರಾತ ಹಾರಿ ಬಂದದ್ದು ಕಂಡ ಕೂಡ್ಲೇ ಪರಾರಿ ಆಗೂದು. ಇಜಾಜ ಭಾಯಿ ಹೇಳಿಕೊಟ್ಟದ್ದು ರಕಾಬಿದಹಶತ್ತು, ರಕಾಬಿ ಅಂದ್ರ ತಟ್ಟಿ, ದಹಶತ್ ಅಂದ್ರ ಅಂಜಿಕಿ. ಧೀರೇಂದ್ರ ಸರ್ ಸಂಸ್ಕೃತದಾಗ ಒಂದು ಕಟ್ಟಿದ್ರು, ಅಪರಿಚಿತವ್ಯೋಮಯಾನದರ್ಶನಪೂರ್ವಕಕಂಪನ ಅಂತ. ಅದನ್ನ ಓದೂದ್ರಾಗ ಹಾರೂ ತಟ್ಟಿ ಬಂದು ಉಂಡು ಹೋಗಿರತೈತಿ ಅಂತ ನಾನಂದೆ. ಒಂಬತ್ತನೇತ್ತಾದ ಹುಡುಗ ಒಬ್ಬ ರಜಾ ಚೀಟಿಯೊಳಗ ನನಗ ಗಂಗಾಳಗಡಗಡಿ ಬಂದಿದ್ದರಿಂದ ನಿನ್ನೆ ಸಾಲಿಗೆ ಬರಲಾಗಲಿಲ್ಲ ಅಂತ ಬರದು ಅಪ್ಪನ ಸಹಿ ಮಾಡಿಸಿಕೊಂಡು ಬಂದಿದ್ದ.

ನಾನು ಎಲ್ಲೂ ನಿಮ್ಮ ಹೆಸರು ಬರೀಲಿಲ್ಲ. ಇದನ್ನ ನನಗ ನಾನೇ ಭಾಳ ಸಲ ಹೇಳಿಕೊಂಡೆ. ಆದ್ರ ಸಿಂದಗ್ಯಾಗ ಹಾರೂ ತಟ್ಟಿಗೆ ಅಂಜೂ ಮನಿಷ್ಯಾ ಇನ್ನ ಯಾರದಾರರಿ? ಹಲಗಿ ಫೋಟೋ ಮೊದಲ ನಮ್ಮ ಟೀಚರ್‌ಗಳ ಗ್ರೂಪಿಗೆ ಹೋತು, ಅಲ್ಲಿಂದ ಇಂಡಿ, ಬಸವನ ಬಾಗೇವಾಡಿ ಟೀಚರ್‌ಗಳ ಗ್ರೂಪಿಗೆ ಹೋತು, ಅಲ್ಲಿಂದ ತಿರುಗಿ ನಮ್ಮ ಬಜಾರಕ್ಕೇ ಬಂತು. ಮಂದಿ ನಿಮ್ಮ ಅಂಗಡಿ ಮುಂದ ಬಂದು ತಲಿ ಮ್ಯಾಲ ಪ್ಲೇಟ್ ಹಿಡಕೊಂಡು ಬಗ್ಗಿ ಒಳಗ ಬರೂದು, ಮುಗಿಲು ನೋಡಿ ಮಿಸ್ತ್ರಿ ಬಂದ್ವು ಬಂದ್ವು ಅನ್ನೂದು ಶುರು ಆತಂತ. ನೀವೂ ಅವರ ಸಂಗಡ ನಕ್ಕರೆಂತ. ಇದೆಲ್ಲ ನನಗ ಇಜಾಜ ಭಾಯಿ ಹೇಳಿದ್ದು ಆಸ್ಪತ್ರ್ಯಾಗ, ಎಲ್ಲಾ ಮುಗದ ಮ್ಯಾಲ.

ಮನಿಗೆ ಬಂದು ನೀವು ಏನೂ ಹೇಳಲಿಲ್ಲ. ನಾನರ ಏನು ಮಾಡ್ತಿದ್ದೆ? ಚಹಾ ಕೊಟ್ಟು, ಇವತ್ತೇನರ ಕಂಡಿತೇನ್ರಿ, ಹೊಸಾದು ಏನರ ಐತೇನ್ರಿ ಅಂತ ಕೇಳ್ತಿದ್ದೆ. ನಿಮ್ಮ ಕಾಳಜಿಗೆ ಅಲ್ಲ, ನಾಳಿನ ಪದಕ್ಕ. ಹತ್ತನೇ ತಾರೀಖಿನ ಸುಮಾರಿಗೆ ನೀವು ಏನೂ ಇಲ್ಲ ಅನ್ನಾಕ ಶುರು ಮಾಡಿದ್ರಿ. ಬೆಳಕು ಹೋದ್ವು, ನೊಣ ಹೋದ್ವು ಅಂದ್ರಿ. ನಾನು ಸರ್ ಮುಂದ, ಇನ್ನ ಪದಕ್ಕ ಬರಗಾಲ ಬಂತು ನೋಡ್ರಿ ಅಂದೆ. ಬೆಳಕು ಎಲ್ಲೂ ಹೋಗಿರಲಿಲ್ಲ. ನೀವು ನನ್ನ ಮುಂದ ಬಾಯಿ ಬಿಡೂದು ಬಿಟ್ಟಿದ್ರಿ, ಅಷ್ಟ.

ಇಪ್ಪತ್ನಾಕನೇ ತಾರೀಖು ರವಿವಾರ ಮುದ್ದೇಬಿಹಾಳದಾಗ ಹಾಸ್ಯಗೋಷ್ಠಿ ಇತ್ತು. ಬಾಗೇವಾಡಿಯ ಸಂಪದಾ ಮೇಡಂ ನನ್ನ ಪದಗಳನ್ನ ಗ್ರೂಪಿನ್ಯಾಗ ಓದಿ ನನ್ನನ್ನೂ ಕರದಿದ್ರು. ಹಾರೂ ತಟ್ಟಿ ಅಂಜಿಕಿಗೆ ಹನ್ನೆರಡು ಹೆಸರು ಅಂತ ಓದಿದೆ. ಮಂದಿ ಕಣ್ಣಾಗ ನೀರು ಬರೂಹಂಗ ನಕ್ಕರು. ಶಾಲು ಹೊದಿಸಿದ್ರು. ನೀವೂ ಬರ್ರಿ ಅಂತ ಕರದಿದ್ದೆ, ಅಂಗಡ್ಯಾಗ ಕೆಲಸ ಐತಿ ಅಂದಿದ್ರಿ. ತಾಳಿಕೋಟಿ ಮ್ಯಾಲಿಂದ ಬರೂ ಬಸ್ಸಿನ್ಯಾಗ ಶಾಲು ತೊಡಿ ಮ್ಯಾಲ ಇಟ್ಟುಕೊಂಡು ಕುಂತಿದ್ದೆ. ಅವತ್ತು ನನ್ನಷ್ಟು ಖುಷಿ ಇದ್ದಾಕಿ ಆ ಬಸ್ಸಿನ್ಯಾಗ ಇನ್ನೊಬ್ಬಾಕಿ ಇರಲಿಲ್ಲ. ಇದನ್ನ ಬರಿಯಾಕ ನಾಚಿಕಿ ಆಗಬೇಕು. ಆಗಿದ್ರ ಚೊಲೋ ಆಗ್ತಿತ್ತು.

ಮಂಗಳವಾರ, ಇಪ್ಪತ್ತಾರಕ್ಕ, ಇಜಾಜ ಭಾಯಿ ನಿಮ್ಮ ಅಂಗಡ್ಯಾಗ ಬಂದು ನೋಡಿದ್ರ ನೀವು ತಾಮ್ರದ ತಂತಿ ಕೈಲೆ ಸವರಿ ಸವರಿ ಸುತ್ತಾಕತ್ತಿದ್ರೆಂತ. ಥರ್ಮಾಸಿನ ಚಹಾ ಕಪ್ಪಿನ ಬಾಜೂ ಸುರಿವಿದ್ರೆಂತ. ಅವರು ಜಬರದಸ್ತಿ ಮಾಡಿ ಕೇಳಿದ ಮ್ಯಾಲ ಬಲಗಣ್ಣಿಗೆ ಕರೇ ಪರದಿ ಬಂದೈತಿ, ಕಾಣವಲ್ದು ಅಂದ್ರೆಂತ. ಅವರು ಸಾಲಿಗೆ ಫೋನ್ ಮಾಡಿದ್ರು, ನಾನು ಕ್ಲಾಸ್ ಬಿಟ್ಟು ಬಂದೆ, ಜೀಪ್ ಮಾಡಿಕೊಂಡು ಮೂವರೂ ವಿಜಯಪುರಕ್ಕ ಹೋದ್ವಿ. ಕಣ್ಣಿಗೆ ಪರದಿ ಬಂದದ್ದು ಯಾವಾಗ ಅಂತ ಡಾಕ್ಟರು ಕೇಳಿದ್ರು. ನಿನ್ನೆಯಿಂದ ಇರಬೇಕ್ರಿ, ನಮಗ ಯಾರಿಗೂ ಇವರು ಹೇಳಲಿಲ್ಲ ಅಂತ ನಾನು ಹೇಳಿದೆ. ತರನ್ನುಮ ಕಾಲೇಜಿಂದ ಓಡಿ ಬಂದು ಕೇಳಿದಾಗೂ ಹಂಗೇ ಹೇಳಿದೆ, ಅಕ್ಕಾರಿಗೂ ಹಂಗೇ ಹೇಳಿದೆ.

ಡಾಕ್ಟರು ನನ್ನನ್ನ ಹೊರಗ ಕರದು ಚಿತ್ರಾ ತಗದು ತಿಳಿಸಿದ್ರು. ಬೆಳಕು ಮುಗಿಲಿನ್ಯಾಗ ಇರಲಿಲ್ಲ, ಕಣ್ಣಾಗ ಇತ್ತು. ದಪ್ಪ ಚಾಳೀಸಿನ ಮಂದಿಗೆ ಕಣ್ಣಿನ ಹಿಂದಿನ ಪದರು ತೆಳ್ಳಗಿರತೈತಿ. ಅದು ಎಳದಾಗ ಬೆಳಕು ಮಿಂಚಿಧಂಗ ಆಗತೈತಿ, ಹರಕೊಂಡಾಗ ಕರೇ ಚುಕ್ಕಿ ಬರ್ತಾವ, ಬಿಚ್ಚಿಕೊಂಡಾಗ ಪರದಿ ಕವೀತೈತಿ. ಬೆಳಕು ಕಂಡ ದಿನಾನೇ ಬಂದಿದ್ರ ಅರ್ಧಾ ತಾಸಿನ ಲೇಸರ್ ಸಾಕಾಗಿತ್ತು. ಪರದಿ ಬಂದ ದಿನಾ ಬಂದಿದ್ರೂ ಆಪರೇಷನ್ ಮಾಡಿ ನಟ್ಟನಡುವಿನ ನೋಟ ಉಳಿಸಬಹುದಿತ್ತು. ಈಗ ನಡುವಿನದೂ ಹೋಗೈತಿ, ಆದಷ್ಟು ಮಾಡ್ತೇವಿ ಅಂದ್ರು. ಮಾಡಿದ್ರು. ಅವರದೇನೂ ತಪ್ಪಿಲ್ಲ. ಈಗ ನಿಮ್ಮ ಬಲಗಣ್ಣಿನ ಮುಂದ ಕೈ ಆಡಿಸಿದ್ರ ನೆರಳು ಕಾಣತೈತಿ, ಬೆರಳು ಎಣಿಸಾಕ ಆಗೂದಿಲ್ಲ.

ಆಪರೇಷನ್ ಆದ ಮ್ಯಾಲ ಹತ್ತು ದಿನಾ ಬೋರಲು ಮಲಗಬೇಕಾಗಿತ್ತು. ನಾನು ಹಾಸಿಗಿ, ದಿಂಬು ಎಲ್ಲಾ ಸಿದ್ಧ ಮಾಡಿದ್ದೆ. ನೀವು ಅಕ್ಕನ ಮನಿಗೆ ಹೊಕ್ಕೇನಿ ಅಂದ್ರಿ. ಒಂದೇ ಮಾತು. ನಾನು ಯಾಕ ಅಂತ ಕೇಳಲಿಲ್ಲ. ಗೊಳಸಂಗಿಗೆ ಎರಡು ಸಲ ಬಂದೆ. ಎರಡೂ ಸಲ ನೀವು ದಿಂಬಿನ್ಯಾಗ ಮಾರಿ ಇಟ್ಟು ಮಲಗಿದ್ರಿ. ಡಾಕ್ಟರು ಹಂಗ ಮಲಗು ಅಂದಾರ ಅಂತ ನನಗ ಗೊತ್ತು. ಆದ್ರ ಸಾಬೀರಾ ಬಂದಾಗ ಒಂದು ಚೂರು ಮಾರಿ ಹೊರಳಿಸಿ ಮಾತಾಡಿದ್ರಿ, ಅದನ್ನೂ ನೋಡಿದೆ. ಮೂರನೇ ಸಲ ಬರ್ತೇನಿ ಅಂದಾಗ ರೋಜಾ ಶುರು ಆಗೂತನಕ ಬರೂದು ಬ್ಯಾಡ ಅಂತ ಹೇಳಿ ಕಳಿಸಿದ್ರಿ.

ಸಿಟ್ಟಾಗ್ರಿ. ಬೈರಿ. ಬರೂದು ಬ್ಯಾಡಂದ್ರ ಬರೂದಿಲ್ಲ. ಅದನ್ನ ತಪ್ಪಸ್ರಿ ಅಂತ ಈ ಕಾಗದ ಬರೀಲಿಲ್ಲ. ಬರದದ್ದು ಬ್ಯಾರೆ ಮಾತಿಗೆ. ಗುರುವಾರ ಬಾನುಬಿ ಅಕ್ಕಾರು ಫೋನ್ ಮಾಡಿದ್ರು. ಎರಡು ಮೂರು ದಿನದಿಂದ ಸಂಜೀ ಮುಂದ ನೀವು ಅಂಗಳದಾಗ ಕುಂತಾಗ ಒಮ್ಮೆಲೇ ಎಡಕ್ಕ ಗೋಣು ಹೊರಳಸ್ತೀರಂತ. ಏನಾತು ಅಂತ ಕೇಳಿದ್ರ ಏನೂ ಇಲ್ಲ ಅಂತೀರಂತ. ಕೂಡಗಿ ಕರೆಂಟ್ ಕಾರ್ಖಾನೆ ಚಿಮಣಿ ಮ್ಯಾಲಿನ ದೀಪ ನೋಡಿದೆ ಅಂದ್ರೆಂತ. ಚಿಮಣಿ ದೀಪ ಅಂಗಳದ ಎಡಕ್ಕ ಕಾಣೂದೇ ಇಲ್ಲಲ್ಲ, ನಾನೂ ಆ ಅಂಗಳದಾಗ ಕುಂತೇನಿ. ಶುಕ್ರವಾರ ಊಟಕ್ಕ ಕುಂತಾಗ ಇಲ್ಲದ ನೊಣ ಹೊಡದ್ರಿ ಅಂತ ಸಾಬೀರಾ ಹೇಳಿದಳು.

ಅದನ್ನ ಕೇಳಿದಾಗ ಎರಡೂವರಿ ತಿಂಗಳ ಮ್ಯಾಲ ಮೊದಲ ಸಲ ನನ್ನ ಒಳಗ ಏನೋ ಆತು. ಅಂಜಿಕಿ ಆತು. ಆಮ್ಯಾಲ ಮತ್ತ ಮೊದಲಿನಂಗ ಜೋಮು ಹಿಡೀತು. ಆದ್ರ ಅಷ್ಟರಾಗ ಇವತ್ತೇ ಕರಕೊಂಡು ಹೋಗ್ರಿ ಅಂತ ಅಕ್ಕಾರಿಗೆ ಹೇಳಿದೆ, ಏನೂ ಆಗಿಲ್ಲ ಅಂತ ನೀವು ಒಪ್ಪಲಿಲ್ಲಂತ; ಅದಕ್ಕ ಡಾಕ್ಟರಿಗೆ ಫೋನ್ ಮಾಡಿ ಮಂಗಳವಾರದ್ದು ಹೆಸರು ಹಚ್ಚೇನಿ.

ಡಿಸ್ಚಾರ್ಜ್ ಮಾಡೂವಾಗ ಅವರು ಏನು ಹೇಳಿದ್ರು, ನೆನಪು ಮಾಡಿಕೋರಿ. ಎಡಗಣ್ಣಿನ ಪದರೂ ಎರಡು ಕಡೆ ಸವದೈತಿ, ಲೇಸರ್ ಮಾಡಿಸಿಬಿಡ್ರಿ ಅಂದಿದ್ರು. ಈಗ ಬ್ಯಾಡ, ನೋಡೂಣು ಅಂತ ನೀವಂದ್ರಿ. ಆ ಕಣ್ಣಾಗ ಬೆಳಕು ಕಂಡ್ರ ಉಣಾಕ ಕುಂತಿದ್ರೂ ಎದ್ದು ಬರ್ರಿ ಅಂತ ಅವರು ಎರಡು ಸಲ ಹೇಳಿ ಕಳಿಸಿದ್ರು. ನಿಮಗ ಇರೂದು ಈಗ ಅದೊಂದೇ ಕಣ್ಣು. ತಂತಿ ಸುತ್ತಾಕ, ಕುರಾನ್ ಓದಾಕ, ತರನ್ನುಮನ ಮದುವಿ ನೋಡಾಕ, ಎಲ್ಲಾದಕ್ಕೂ ಅದೇ ಐತಿ.

ಮಂಗಳವಾರ ಮುಂಜಾನೆ ಎಂಟಕ್ಕ ನಾನು ಗೊಳಸಂಗಿ ಬಸ್ ಸ್ಟ್ಯಾಂಡಿನ್ಯಾಗ ನಿಂತಿರ್ತೇನಿ. ನನ್ನ ಬಾಜೂ ಕೂಡೂದು ಬ್ಯಾಡಂದ್ರ ಹಿಂದಿನ ಸೀಟಿನ್ಯಾಗ ಕೂಡ್ತೇನಿ. ನನ್ನ ಮಾರಿನೇ ನೋಡೂದು ಬ್ಯಾಡಂದ್ರ ಸಾಬೀರಾನ ಗಂಡನ ಸಂಗಡ ಹೋಗ್ರಿ, ನಾನು ವಿಜಯಪುರದಾಗ ಆಸ್ಪತ್ರಿ ಗೇಟಿನ ಹೊರಗ ಇರ್ತೇನಿ. ಇದು ಓದೂವಾಗ್ಲೇ ಬೆಳಕು ಕಾಣಾಕತ್ತಿದ್ರ ಮಂಗಳವಾರದ ಹಾದಿ ಕಾಯಬ್ಯಾಡ್ರಿ. ಈಗೇ ಎದ್ದು ಹೋಗ್ರಿ. ಧೀರೇಂದ್ರ ಸರ್ ಅಲ್ಲೇ ಇದ್ರ ಅವರೂ ಬರ್ತಾರ, ನಾನು ಕೇಳಿ ಇಟ್ಟೇನಿ.

ಪದ ಕಟ್ಟೂದು ಬಿಟ್ಟೇನಿ. ಹಲಗಿ ಅಳಿಸೇನಿ. ಮೊಬೈಲಿನ್ಯಾಗ ಓಡ್ಯಾಡೂದನ್ನ ಅಳಸಾಕ ನನ್ನ ಕೈಲೆ ಆಗವಲ್ದು. ಮೊನ್ನೆ ಯಾರೋ ಕಲಬುರ್ಗಿಯಿಂದ ನನಗೇ ಕಳಿಸಿದ್ರು, ಕೆಳಗ ನಗೂ ಗೊಂಬಿ ಹಚ್ಚಿ. ನನಗೂ ಬಂತು ಅಂತ ಬರದೆ, ಅಷ್ಟ. ನಿಮಗ ಏನು ಕಂಡ್ರೂ ನನಗ ಹೇಳ್ರಿ. ಬೆಳಕು ಕಂಡ್ರ, ಚುಕ್ಕಿ ಕಂಡ್ರ, ಖರೇನೇ ಮುಗಿಲಿಂದ ತಟ್ಟಿ ಇಳದ್ರೂ ಹೇಳ್ರಿ. ನಾನು ನಗೂದಿಲ್ಲ.

ಅಕ್ಕಾರಿಗೆ ಸಲಾಮು. ಸಾಬೀರಾಗ ದುವಾ. ಹನಿ ಔಷಧ ದಿನಾ ನಾಕು ಸಲ, ಮರೀಬ್ಯಾಡ್ರಿ.

ನಿಮ್ಮ ಮನ್ಯಾಕಿ,
ಫಿರದೋಸ

ತಾ.ಕ.: ಸಹಿ ಹಾಕಿ ಲಕೋಟಿ ಅಂಟಿಸಿದ್ದೆ. ಮತ್ತ ಹರದು ಇದನ್ನ ಬರಿಯಾಕತ್ತೇನಿ. ಮ್ಯಾಲ ಒಂದು ಸುಳ್ಳು ಬರದೇನಿ. ಸಾಬೀರಾ, ಇದನ್ನ ಮನಸಿನ್ಯಾಗ ಓದಬ್ಯಾಡ. ಅಕ್ಕಾರನ್ನ ಕರದು ಬಾಜೂ ಕುಂದರಿಸಿ ಜೋರಾಗಿ ಓದು.

ನೀವು ನನಗ ಹೇಳಿದ್ರಿ. ಗುರುವಾರ ಮುಂಜಾನೆ, ನವೆಂಬರ್ ಇಪ್ಪತ್ತೊಂದಕ್ಕ. ನಾನು ಕನ್ನಡಿ ಮುಂದ ನಿಂತು ಸೆರಗಿಗೆ ಪಿನ್ ಹಾಕ್ಕೊಳಾಕತ್ತಿದ್ದೆ. ನೀವು ಹಿಂದ ಬಂದು ನಿಂತು, ಬಲಗಣ್ಣಿಗೆ ಕೆಳಗಿಂದ ಕರೇ ಪರದಿ ಏರಾಕತ್ತೈತಿ, ನನಗ ಭಾಳ ಅಂಜಿಕಿ ಆಗಾಕತ್ತೈತಿ ಫಿರದೋಸ ಅಂದ್ರಿ. ಹೆಸರು ಹಿಡದು ಕರದ್ರಿ. ನನ್ನ ಕಡೆ ಹನ್ನೊಂದು ಪದ ಇದ್ದವು, ಮುದ್ದೇಬಿಹಾಳಕ್ಕ ಹನ್ನೆರಡು ಬೇಕಾಗಿದ್ದವು. ಹಾರೂ ತಟ್ಟಿ ಬಂದು ಕಣ್ಣಿಗೇ ಮುಚ್ಚಳ ಆತು ಅನ್ನೂ ಅಂಜಿಕಿಗೆ ಕಣ್ಮುಚ್ಚಳಗಾಬರಿ ಅಂತ ಅಲ್ಲೇ ನಿಮ್ಮ ಮುಂದೇ ಬರಕೊಂಡೆ. ಸಂಜೀಕ ಬಂದು ನೋಡ್ತೇನಿ ಅಂದೆ. ಸಂಜೀಕ ನೋಡಲಿಲ್ಲ. ಮುದ್ದೇಬಿಹಾಳದಾಗ ಎಲ್ಲಕ್ಕಿಂತ ಹೆಚ್ಚು ಚಪ್ಪಾಳಿ ಬಿದ್ದದ್ದು ಅದಕ್ಕ.

ಐದು ದಿನಾ. ಡಾಕ್ಟರು ಯಾವಾಗಿಂದ ಅಂತ ಕೇಳಿದಾಗ ನೀವು ಬಾಯಿ ತೆರದಿದ್ರಿ. ನಾನೇ ಮೊದಲ ನಿನ್ನೆಯಿಂದ ಅಂದೆ. ನೀವು ನನ್ನ ಕಡೆ ಹೊರಳಿ ನೋಡಿ ಬಾಯಿ ಮುಚ್ಚಿದ್ರಿ. ಎರಡೂವರಿ ತಿಂಗಳಿಂದ ಅಕ್ಕಾರು ನಿಮ್ಮನ್ನ, ಯಾಕ ಹೇಳಲಿಲ್ಲ, ಹೆಂಡ್ತಿಗರ ಹೇಳಬಾರದೇನು ಅಂತ ಬೈಯಾಕತ್ತಾರ. ತರನ್ನುಮನೂ ಬೈದಾಳ. ನೀವು ಬೈಸಿಕೊಂಡು ಸುಮ್ಮನ ಅದೀರಿ. ತರನ್ನುಮಗ ಈಗ ಫೋನ್ ಮಾಡಿ ಹೇಳಿದೆ. ಕೇಳಿದಳು, ಫೋನ್ ಇಟ್ಟಳು.

ಮ್ಯಾಲ ನನಗ ಹೇಳ್ರಿ ಅಂತ ಬರದೇನಲ್ಲ, ಅದನ್ನ ಹೊಡದು ಹಾಕ್ರಿ. ಎಡಗಣ್ಣಾಗ ಬೆಳಕು ಕಂಡ್ರ ನನಗ ಹೇಳಬ್ಯಾಡ್ರಿ. ಸಾಬೀರಾಗ ಹೇಳ್ರಿ.